ಮನೆಯ ಹಳೆ ಕಾರನ್ನು ಗುಜರಿಗೆ ಕೊಡುವ ಮುಂಚೆ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ಆದ ಕಾರನ್ನು ಗುಜರಿಗೆ ಹಾಕಲೇಬೇಕಂತೆ ಎಂಬ ಮಾತು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಎಷ್ಟು ಹಬ್ಬಿದೆ ಎಂದರೆ, ಜನ ಶೆಡ್ಡಿನಲ್ಲಿ ನಿಂತಿದ್ದ ಅಂಬಾಸಿಡರ್, ಪದ್ಮಿನಿಗಳನ್ನು ಕಬ್ಬಿಣದ ತೂಕಕ್ಕೆ ಕೊಟ್ಟುಬಿಡುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಮಿತಿ ಬಂದದ್ದು ದೆಹಲಿ ಸುತ್ತಮುತ್ತಲಿನ ಹೊಗೆಯ ಕಾರಣಕ್ಕೆ. 2023ರ ಏಪ್ರಿಲ್‌ನಿಂದ 15 ವರ್ಷಕ್ಕೆ ರಸ್ತೆ ಬಿಡಬೇಕಾದದ್ದು ಸರ್ಕಾರಿ ವಾಹನಗಳು. ನಮ್ಮ ಮನೆಯ ಕಾರಿಗೆ ಹಾಗಿಲ್ಲ. ನವೀಕರಣದ ಅರ್ಜಿ ಫಾರ್ಮ್ 25 ಕೊಟ್ಟು, ತಪಾಸಣೆಗೆ ಗಾಡಿ ತೋರಿಸಿ, ಪಾಸಾದರೆ ಮತ್ತೆ 5 ವರ್ಷಕ್ಕೆ ನೋಂದಣಿ ಪತ್ರ ಅಂದರೆ ಆರ್‌ಸಿ ನವೀಕರಣ ಆಗುತ್ತದೆ. ಖರ್ಚು ಇದೆ, ಇಲ್ಲ ಅನ್ನುವುದಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು, ಬಾಕಿ ತೆರಿಗೆ ಇದ್ದರೆ ಅದೂ ಕಟ್ಟಬೇಕು. ಆದರೆ ದಾರಿ ಮುಚ್ಚಿಲ್ಲ ಅಲ್ವಾ?

ನಮ್ಮದು 1975ರ ಪದ್ಮಿನಿ. ಅಪ್ಪ ತೆಗೆದದ್ದು. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲಿತ್ತು. 50 ವರ್ಷ ಆದದ್ದರಿಂದ 'ವಿಂಟೇಜ್ ಮಾಡಿಸಿಬಿಡಿ' ಎಂದು ಎಲ್ಲರೂ ಹೇಳಿದರು. 50 ವರ್ಷ ದಾಟಿದ ಕಾರುಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ನಿಯಮವನ್ನು ಸರಿಯಾಗಿ ಓದಿದವರು ಕಡಿಮೆ. ವಿಂಟೇಜ್ ನೋಂದಣಿ ಮಾಡಿಸಿದ ಕಾರನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ಹೊರಗೆ ತೆಗೆಯಬಹುದು. ಮಧೂರು ದೇವಸ್ಥಾನಕ್ಕೆ ಅಮ್ಮನನ್ನು ಕೂರಿಸಿಕೊಂಡು ಹೋಗಬೇಕು ಅನ್ನುವವರಿಗೆ ಮಾಮೂಲಿ ನವೀಕರಣವೇ ಸರಿ.

ಇನ್ನು ರಿಪೇರಿ ವಿಷಯ. ಎಲ್ಲರೂ ಮೊದಲು ಪೈಂಟಿಗೆ ಕೊಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ದಯವಿಟ್ಟು ಮೊದಲ ದುಡ್ಡನ್ನು ಬ್ರೇಕಿಗೆ ಹಾಕಿ. ಪದ್ಮಿನಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದ ತೇವ ಗೊತ್ತೇ ಇದೆ, ಹಾಗಾಗಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪ್ರತಿ ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಸರಿ ಇದೆ ಅನ್ನಿಸುತ್ತದೆ, ಅಡ್ಕಸ್ಥಳದ ಕಡೆ ಇಳಿಜಾರಿನಲ್ಲಿ ಒಂದೇ ಬದಿಗೆ ಎಳೆಯುತ್ತದೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲವನ್ನೂ ಬಿಚ್ಚಿ ನೋಡಲೇಬೇಕು. ಟೈರಿನ ಗೆರೆ ಆಳವಾಗಿಯೇ ಇದ್ದರೂ ರಬ್ಬರ್ ಕಲ್ಲಾಗಿರುತ್ತದೆ, ಅದನ್ನೂ ಬದಲಿಸಿ.

ನಿಂತ ಎಂಜಿನ್‌ಗೆ ಹೊಸ ಬ್ಯಾಟರಿ ಕಟ್ಟಿ ಕೂಡಲೇ ಸೆಲ್ಫ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಕೈಯಲ್ಲಿ ತಿರುಗಿಸಿ ನೋಡಿ. ಸರಾಗವಾಗಿ ತಿರುಗಿದರೆ ಅರ್ಧ ಗೆದ್ದ ಹಾಗೆ. ಟ್ಯಾಂಕಿನ ಹಳೆ ಪೆಟ್ರೋಲ್ ಅಂಟಾಗಿರುತ್ತದೆ, ಪೂರ್ತಿ ಖಾಲಿ ಮಾಡಿಸಿ ಟ್ಯಾಂಕ್ ತೊಳೆಸಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥನಾಲ್. ಆ ಕಾಲದ ರಬ್ಬರ್ ಪೈಪು, ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನ ಒಳಗಿನ ಪೊರೆ (ಡಯಾಫ್ರಾಮ್) ಅದಕ್ಕಾಗಿ ಮಾಡಿದ್ದಲ್ಲ, ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಎಥನಾಲ್ ತಡೆಯುವ ಪೈಪ್ ಹಾಕಿಸಿ, ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ಇಡಬೇಡಿ. ವಯರಿಂಗನ್ನು ಇಲಿ ಕಡಿದಿದೆಯಾ ಅಂತಲೂ ನೋಡಿ. ಅಡಿಕೆ ಮೂಟೆ ಇಟ್ಟ ಶೆಡ್ಡಾದರೆ ಕಡಿದೇ ಇರುತ್ತದೆ.

ಪಾರ್ಟ್ಸ್ ಸಿಗಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಪದ್ಮಿನಿ ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ, ಅಲ್ಲಿನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ತನಕ ಓಡಿದವು. ಹಾಗಾಗಿ ಆ ಊರಲ್ಲಿ ಹುಡುಕಿದರೆ ಸಾಮಾನು ಇನ್ನೂ ಸಿಗುತ್ತದೆ. ಸಿಗದೆ ಹೋಗುವುದು ಕೆಲಸ ಬಲ್ಲ ಕೈಗಳು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಅದರ ಸಣ್ಣ ತೂತಿನ ಜೆಟ್ ಊದಿ, ಶಬ್ದ ಕೇಳಿಯೇ ಟ್ಯೂನ್ ಮಾಡುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ನಮ್ಮ ಜಿಲ್ಲೆಯ ಐಟಿಐಗಳು ಮೋಟಾರ್ ಮೆಕ್ಯಾನಿಕ್ ಓದುವ ಮಕ್ಕಳನ್ನು ಕೆಲವು ವಾರವಾದರೂ ಇವರ ಹತ್ತಿರ ಕಳುಹಿಸಲಿ.

ಸಾರಿಗೆ ಇಲಾಖೆಗೂ ಒಂದು ಬೇಡಿಕೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ವರ್ಷಕ್ಕೊಮ್ಮೆ ಹಳೆ ಖಾಸಗಿ ಕಾರುಗಳಿಗೆ ತಪಾಸಣಾ ಶಿಬಿರ ನಡೆಸಿ, ಏನೇನು ಸರಿ ಇರಬೇಕು, ಎಷ್ಟು ಕಟ್ಟಬೇಕು ಎಂದು ಮುಂಚಿತವಾಗಿ ಕನ್ನಡದಲ್ಲೂ ತಿಳಿಸಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಡಲಾಗಿತ್ತು. ಅದು ಗೊತ್ತಿಲ್ಲದೆ, ಕಾಗದ ಓದಲಾಗದೆ ಕಾರು ಮಾರಿದ ಹಿರಿಯರು ನಮ್ಮ ಊರಲ್ಲೇ ಇದ್ದಾರೆ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಮೊದಲ ಶಿಬಿರ ನಡೆಯಲಿ.

— ಒಬ್ಬ ಓದುಗ, ಬದಿಯಡ್ಕ