ಸತ್ತ ಮೊಟ್ಟೆಯನ್ನು ಮಕ್ಕಳಿಂದ ಬಚ್ಚಿಡಬೇಕೇ?

ಮಾನ್ಯರೇ,

ನಮ್ಮ ತರಗತಿಯ ಅಕ್ವೇರಿಯಂನಲ್ಲಿ ಟ್ರೌಟ್ ಮೀನಿನ ಮೊಟ್ಟೆ ಇಟ್ಟು ಮರಿ ಮಾಡಿಸುತ್ತೇವೆ. ಇದು ಮೂರನೇ ವರ್ಷ. ಮೊನ್ನೆ ಒಬ್ಬ ತಾಯಿ ಬಂದು, ‘ಸತ್ತ ಮೊಟ್ಟೆಗಳನ್ನು ಮಕ್ಕಳು ಬರುವ ಮುಂಚೆಯೇ ತೆಗೆದುಬಿಡಿ ಮೇಡಂ, ರಾತ್ರಿಯೆಲ್ಲ ನಮ್ಮ ಹುಡುಗಿ ಅತ್ತಳು’ ಎಂದರು. ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ಮೊಟ್ಟೆ ನಮ್ಮ ಕೈಗೆ ಬರುವಾಗಲೇ ಒಳಗಿನ ಮರಿಗೆ ಕಣ್ಣು ಮೂಡಿರುತ್ತದೆ. ಬಟಾಣಿಗಿಂತ ಚಿಕ್ಕ ಕಿತ್ತಳೆ ಗುಂಡು, ಅದರೊಳಗೆ ಎರಡು ಕಪ್ಪು ಚುಕ್ಕೆ. ಸತ್ತದ್ದು ಹಾಲಿನಂತೆ ಬೆಳ್ಳಗಾಗುತ್ತದೆ. ಸುಮ್ನೆ ಬಿಟ್ಟರೆ ಅದರ ಮೇಲೆ ಹತ್ತಿಯ ಹಾಗೆ ಬೂಷ್ಟು ಬೆಳೆದು ಪಕ್ಕದ ಜೀವಂತ ಮೊಟ್ಟೆಗೂ ಹಬ್ಬುತ್ತದೆ. ಹಾಗಾಗಿ ದಿನಾ ಹೆಕ್ಕಲೇಬೇಕು. ಆ ಕೆಲಸ ಮಕ್ಕಳದ್ದು. ಒಬ್ಬ ಡ್ರಾಪರ್ ಹಿಡಿದರೆ ಇನ್ನೊಬ್ಬ ಬೋರ್ಡಿನ ಮೂಲೆಯಲ್ಲಿ ಲೆಕ್ಕ ಬರೆಯುತ್ತಾನೆ.

ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಅದಕ್ಕೆಂದೇ ನೀರು ತಂಪಾಗಿಸುವ ಯಂತ್ರ, ಚಿಲ್ಲರ್, ಇದೆ. ಆ ತಂಪಿನಲ್ಲಿ ರೇನ್‌ಬೋ ಟ್ರೌಟ್ ಮೊಟ್ಟೆ ಇಟ್ಟಲ್ಲಿಂದ ಒಡೆಯುವವರೆಗೆ ಸುಮಾರು ಒಂದು ತಿಂಗಳು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು! ‘ಚಿಲ್ಲರ್ ಸ್ವಲ್ಪ ಕಮ್ಮಿ ಮಾಡಿ, ಬೇಗ ಮರಿ ಆಗಲಿ’ ಅನ್ನುತ್ತಾರೆ. ಬಿಸಿ ಹೆಚ್ಚಾದಷ್ಟೂ ನೀರಲ್ಲಿ ಆಮ್ಲಜನಕ ಕಡಿಮೆ ಎಂದು ಹೇಳಿದ ಮೇಲೆ ಸುಮ್ಮನಾಗುತ್ತಾರೆ. ಮೊಟ್ಟೆಗೆ ಬೆಳಕೂ ಆಗದು. ತೊಟ್ಟಿಗೆ ಥರ್ಮಾಕೋಲ್ ಮುಚ್ಚಿ, ಇಣುಕಲು ಒಂದು ಕಿಂಡಿ ಬಿಟ್ಟಿದ್ದೇವೆ.

ಹುಟ್ಟಿದ ಮರಿಗೆ ಹೊಟ್ಟೆಯ ಕೆಳಗೆ ಬುತ್ತಿ ಕಟ್ಟಿಕೊಂಡಂತೆ ಹಳದಿ ಚೀಲ. ಅದು ಕರಗುತ್ತಾ ಬಂದು ಮರಿ ಮೇಲಕ್ಕೆ ಈಜುವವರೆಗೆ ನಾವು ಏನೂ ಹಾಕಬಾರದು. ಆಮೇಲೂ ಚಿಟಿಕೆ ಲೆಕ್ಕ.

ಆ ಚಿಟಿಕೆಯಲ್ಲೇ ಹೋದ ವರ್ಷ ನಾನು ಎಡವಿದ್ದು. ಎರಡು ದಿನ ರಜೆ. ಪಾಪ, ಹಸಿದಿರುತ್ತವೆ ಎಂದು ಜಾಸ್ತಿ ಆಹಾರ ಉದುರಿಸಿ ಹೋದೆ. ಉಳಿದದ್ದು ಕೊಳೆಯಿತು, ನೀರಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರಿತು. ಪರೀಕ್ಷೆಯ ಟ್ಯೂಬಿನಲ್ಲಿ ನೀರು ಹಳದಿ ಇರಬೇಕಿತ್ತು, ಕಡು ಹಸಿರು ಬಂತು. 19 ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವತ್ತು ನಾನು ಬೇಗ ಬಂದಿದ್ದೆ. ಬಲೆ ಕೈಯಲ್ಲೇ ಇತ್ತು. ಎಲ್ಲ ಬಾಚಿ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆಸೆಯೂ ಆಯಿತು.

ಬಲೆ ಕೆಳಗಿಟ್ಟೆ. ಮಕ್ಕಳು ಬಂದರು, ಎಣಿಸಿದರು. ‘ಜಾಸ್ತಿ ಹಾಕಿದ್ದು ಯಾರು?’ ಎಂದು ಒಬ್ಬ ಕೇಳಿದ. ನಾನೇ ಎಂದೆ. ಅಂದಿನಿಂದ ಆಹಾರದ ಡಬ್ಬಿ ಅವನ ಬಳಿ. ನಾನೂ ಕೇಳಿಯೇ ತೆಗೆದುಕೊಳ್ಳಬೇಕು!

ಹೊಳೆಯಲ್ಲಿ ಒಂದು ಹೆಣ್ಣು ಟ್ರೌಟ್ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅಷ್ಟೂ ಬದುಕಿದರೆ ಹೊಳೆಯಲ್ಲಿ ನೀರಿಗೇ ಜಾಗ ಇರುವುದಿಲ್ಲ, ಅಲ್ವಾ? ನಮ್ಮಲ್ಲಿ ಬದುಕಿದವನ್ನೂ ಇಲಾಖೆ ಒಪ್ಪಿದ ಹೊಳೆಗೇ ಬಿಡಬೇಕು, ಕಂಡ ಕಂಡಲ್ಲಿ ಅಲ್ಲ. ಅದಕ್ಕೆ ಬೇರೆಯೇ ಪತ್ರ ಬೇಕಾದೀತು.

ಆ ತಾಯಿ ಇದನ್ನು ಓದಿದರೆ ಒಂದು ಕೋರಿಕೆ: ನಾಳೆ ಮಗಳನ್ನು ಹತ್ತು ನಿಮಿಷ ಮುಂಚೆ ಕಳಿಸಿ. ಡ್ರಾಪರ್ ಅವಳ ಕೈಗೇ ಕೊಡುತ್ತೇನೆ.

— ಒಬ್ಬ ಶಿಕ್ಷಕಿ