ಟಾರ್ಚ್ ಕೊಳ್ಳುವಾಗ ಅತಿ ಕಡಿಮೆ ಬೆಳಕನ್ನು ಮೊದಲು ನೋಡಿ

ಸಂಪಾದಕರಿಗೆ ನಮಸ್ಕಾರ.

ಜೇಬಿನಲ್ಲಿ ಇಟ್ಟುಕೊಳ್ಳುವ ರೀಚಾರ್ಜಬಲ್ ಟಾರ್ಚ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಲುಮೆನ್, ಅಂದರೆ ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆಯ ಲೆಕ್ಕದಿಂದಲೇ ಶುರುವಾಗುತ್ತವೆ. ಇದು 1000, ಅದು 1500, ಹಾಗಾಗಿ ಅದೇ ಒಳ್ಳೆಯದು ಅಂತ. ನಾನು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿಯಲ್ಲಿ ಟಾರ್ಚ್ ಇಲ್ಲದೆ ನನಗೆ ಕೆಲಸವೇ ಸಾಗುವುದಿಲ್ಲ. ದಿನಾ ಜೊತೆಯಲ್ಲಿರುವ ಟಾರ್ಚನ್ನು ಆರಿಸುವಾಗ ಅದು ಎಷ್ಟು ಕಡಿಮೆ ಬೆಳಕು ಕೊಡಬಲ್ಲದು ಎಂಬುದನ್ನೇ ಮೊದಲು ನೋಡಬೇಕು ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ರಾತ್ರಿ ಎರಡು ಗಂಟೆಗೆ ವಾರ್ಡ್‌ನಲ್ಲಿ ನಾವು ನೋಡುವುದೇನು? ಡ್ರಿಪ್ ಸರಿಯಾಗಿ ಇಳಿಯುತ್ತಿದೆಯಾ, ಸೂಜಿ ಹಾಕಿದ ಜಾಗ ಊದಿದೆಯಾ, ಯೂರಿನ್ ಬ್ಯಾಗ್ ತುಂಬಿದೆಯಾ, ಔಷಧದ ಲೇಬಲ್ ಮೇಲೆ ಏನಿದೆ. ಎಲ್ಲವೂ ಕೈಗೆಟಕುವ ದೂರದಲ್ಲಿರುವ ಸಂಗತಿಗಳು. 5 ಲುಮೆನ್ ಧಾರಾಳ ಆಯಿತು. ಎಷ್ಟೋ ಸಲ 1 ಲುಮೆನ್ ಸಾಕು. ಜೋರು ಬೆಳಕು ಬಿಟ್ಟರೆ ನೋವಿನಲ್ಲಿ ಹೇಗೋ ನಿದ್ದೆ ಹತ್ತಿದ ರೋಗಿ ಎದ್ದು "ಸಿಸ್ಟರ್, ಬೆಳಗಾಯ್ತಾ?" ಅನ್ನುತ್ತಾರೆ. ಪಕ್ಕದ ಬೆಡ್‌ನವರೂ ಏಳುತ್ತಾರೆ. ನಮ್ಮ ಕಣ್ಣಿಗೂ ಅದು ಒಳ್ಳೆಯದಲ್ಲ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಜೋರು ಬೆಳಕು ಬಿದ್ದರೆ ಅದೆಲ್ಲ ಕೆಟ್ಟು, ಆಮೇಲೆ ವಾರ್ಡ್‌ನ ಮೂಲೆಯಲ್ಲಿ ಯಾರು ಎದ್ದು ಕೂತಿದ್ದಾರೆ ಎಂದೂ ಕಾಣುವುದಿಲ್ಲ.

ಇದು ನರ್ಸ್‌ಗಳಿಗೆ ಮಾತ್ರ ಬೇಕಾದ ವಿಷಯ ಅಲ್ಲ. ಮಗು ಮಲಗಿರುವ ಕೋಣೆಯಲ್ಲಿ ಏನಾದರೂ ಹುಡುಕುವವರಿಗೆ, ರಾತ್ರಿ ಬಚ್ಚಲಿಗೆ ಏಳುವ ಹಿರಿಯರಿಗೆ, ಬೀಗದ ಕಂಡಿ ಹುಡುಕುವವರಿಗೆ ಎಲ್ಲರಿಗೂ ಬೇಕಾಗುವುದು ಇಂಥ ಸಣ್ಣ ಬೆಳಕೇ. ಆದರೆ ಎಷ್ಟೋ ಟಾರ್ಚ್‌ಗಳಲ್ಲಿ 'ಲೋ' ಅಂದರೂ 50 ಲುಮೆನ್ ಇರುತ್ತದೆ. ಇನ್ನು ಕೆಲವು, ಬಟನ್ ಒತ್ತಿದ ಕೂಡಲೇ ಜೋರಿನಲ್ಲೇ ಹೊತ್ತಿಕೊಂಡು, ಇನ್ನೆರಡು ಸಲ ಒತ್ತಿದ ಮೇಲೆ ಕಡಿಮೆಗೆ ಬರುತ್ತವೆ. ಅಷ್ಟರಲ್ಲಿ ಎದುರಿಗಿದ್ದವರ ಕಣ್ಣು ಕುಕ್ಕಿ ಆಗಿರುತ್ತದೆ. ಕೊಳ್ಳುವಾಗ ಇದನ್ನು ಕೈಯಲ್ಲೇ ಹಿಡಿದು ನೋಡಬಹುದು: ಆರಿದ ಸ್ಥಿತಿಯಿಂದ ನೇರವಾಗಿ ಅತಿ ಕಡಿಮೆ ಬೆಳಕಿಗೆ ಹೋಗಲು ದಾರಿ ಇದೆಯಾ? ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಣ್ಣ ಬೆಳಕು ಬರುವ ಟಾರ್ಚ್‌ಗಳಿವೆ. ಅಂಥದ್ದನ್ನೇ ತಗೊಳ್ಳಿ. ಪಟಪಟ ಮಿನುಗುವ ಸ್ಟ್ರೋಬ್ ಮೋಡ್ ಮಾಮೂಲಿ ಮೋಡ್‌ಗಳ ನಡುವೆಯೇ ಬರುವಂತಿದ್ದರೆ ಆ ಟಾರ್ಚ್ ಬೇಡವೇ ಬೇಡ. ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರಬಹುದು.

ಈಗ ಆ ದೊಡ್ಡ ಲುಮೆನ್ ಸಂಖ್ಯೆಯ ವಿಷಯ. ಟಾರ್ಚ್ ಅಳೆಯಲು ಎಫ್‌ಎಲ್1 ಎಂಬ ಮಾನದಂಡ 2009ರಿಂದ ಇದೆ. ಡಬ್ಬಿಯ ಮೇಲೆ ಈ ಹೆಸರು ಇದ್ದರೆ ಒಳ್ಳೆಯದೇ, ಆದರೆ ಅದನ್ನು ಓದುವುದು ಹೇಗೆ ಎಂದು ಗೊತ್ತಿರಬೇಕು. ಟಾರ್ಚ್ ಹೊತ್ತಿಸಿ 30 ಸೆಕೆಂಡ್ ಆದ ಮೇಲೆ ಬೆಳಕನ್ನು ಅಳೆಯುತ್ತಾರೆ. ಅದು 10 ಪರ್ಸೆಂಟ್‌ಗೆ ಇಳಿಯುವವರೆಗಿನ ಹೊತ್ತನ್ನು ರನ್‌ಟೈಮ್ ಅಂತ ಬರೆಯುತ್ತಾರೆ. ಅಂದರೆ '1000 ಲುಮೆನ್, 2 ಗಂಟೆ' ಎಂದಿದ್ದರೆ, ಟಾರ್ಚ್ ಒಂದೆರಡು ನಿಮಿಷ ಸಾವಿರದಲ್ಲಿ ಉರಿದು, ಬಿಸಿಯಾಗಿ, ತಾನಾಗಿ ಮುನ್ನೂರಕ್ಕೋ ನಾನೂರಕ್ಕೋ ಇಳಿದು ಅಲ್ಲೇ ಉಳಿದಿರಬಹುದು. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದುವವರು ಎರಡು ಗಂಟೆಯೂ ಸಾವಿರವೇ ಇರುತ್ತದೆ ಅಂದುಕೊಳ್ಳುತ್ತಾರೆ ಅಲ್ವಾ?

ಇಳಿಯುವುದು ತಪ್ಪಲ್ಲ, ಇಳಿಯಲೇಬೇಕು. ಬೆರಳುದ್ದದ ಲೋಹದ ಕೊಳವೆ ಅಷ್ಟು ಬಿಸಿಯನ್ನು ಹೊರಗೆ ಬಿಡಲಾರದು. ಬ್ಯಾಟರಿಗೂ ಮಿತಿ ಇದೆ. 14500 ಎಂಬ ಸಣ್ಣ ಸೆಲ್‌ನಲ್ಲಿ ಸುಮಾರು 1000 ಎಂಎಎಚ್ (ಸೆಲ್ ಹಿಡಿಯುವ ಚಾರ್ಜ್‌ನ ಅಳತೆ), ಅಂದರೆ ಮೂರೂವರೆ ವ್ಯಾಟ್-ಅವರ್‌ನಷ್ಟು ಶಕ್ತಿ ಇರುತ್ತದೆ. ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಎಂದು ಹಿಡಿದರೆ, 1000 ಲುಮೆನ್ ಇಪ್ಪತ್ತು ನಿಮಿಷದ ಮೇಲೆ ಬರುವ ಹಾಗೇ ಇಲ್ಲ. ಅದೇ ಸೆಲ್‌ನಲ್ಲಿ 5 ಲುಮೆನ್ ಎಷ್ಟೋ ರಾತ್ರಿ ಬರುತ್ತದೆ. ಇನ್ನೊಂದು ಮಾತು: ಬೆಳಕು ಕಣ್ಣಿಗೆ ಎರಡರಷ್ಟು ಅನ್ನಿಸಬೇಕಾದರೆ ಲುಮೆನ್ ಸುಮಾರು ನಾಲ್ಕು ಪಟ್ಟು ಆಗಬೇಕು. 1000ಕ್ಕೂ 1500ಕ್ಕೂ ಇರುವ ವ್ಯತ್ಯಾಸಕ್ಕೆ ಸುಮ್ನೆ ದುಡ್ಡು ಕೊಡುವುದು ಬೇಡ.

ನನ್ನ ಕೆಲಸದಲ್ಲಿ ಬಣ್ಣ ಬಹಳ ಮುಖ್ಯ. ನೀಲಿ ಛಾಯೆಯ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಎಲ್ಲರ ಮುಖವೂ ಬಿಳಿಚಿಕೊಂಡ ಹಾಗೆ ಕಾಣುತ್ತದೆ. ತುಟಿ ನಿಜವಾಗಿ ನೀಲಿಯಾಗಿದೆಯಾ, ಗಾಯದ ಸುತ್ತ ಕೆಂಪು ಹರಡಿದೆಯಾ, ಬ್ಯಾಂಡೇಜ್ ಮೇಲಿನ ಕಲೆ ರಕ್ತವಾ ಅಯೋಡಿನ್ನಾ ಎಂದು ತಿಳಿಯುವುದಿಲ್ಲ. ಇದಕ್ಕೆ ಸಿಆರ್‌ಐ ಎಂಬ ಅಳತೆ ಇದೆ, 100ಕ್ಕೆ ಹತ್ತಿರವಾದಷ್ಟೂ ಬಣ್ಣ ನಿಜಕ್ಕೆ ಹತ್ತಿರ. ಮಾಮೂಲಿ ಟಾರ್ಚ್‌ನಲ್ಲಿ 70ರ ಆಸುಪಾಸು ಇರುತ್ತದೆ. 90ಕ್ಕಿಂತ ಹೆಚ್ಚಿರುವುದು ಸಿಗುತ್ತದೆ. ಅದರಲ್ಲಿ ಬೆಳಕು ಸ್ವಲ್ಪ ಕಡಿಮೆ, ಇರಲಿ. ಬೆಳಕಿನ ಛಾಯೆ 4000ರಿಂದ 5000 ಕೆಲ್ವಿನ್ ಒಳಗೆ, ಅಂದರೆ ತೀರಾ ಹಳದಿಯೂ ತೀರಾ ನೀಲಿಯೂ ಅಲ್ಲದ ಬಿಳಿ ಇದ್ದರೆ ಕಣ್ಣಿಗೂ ಹಿತ. ವೈರ್ ಬಣ್ಣ ನೋಡುವ ಎಲೆಕ್ಟ್ರಿಷಿಯನ್‌ಗೂ ಇದೇ ಬೇಕು. ಕಣ್ಣಿನ ಪಾಪೆ ನೋಡಲು ಮಾತ್ರ ಇಂಥ ಟಾರ್ಚ್ ಬಳಸಬಾರದು. ಅದಕ್ಕೆ ಮಂದ ಬೆಳಕಿನ ಪೆನ್ ಟಾರ್ಚ್ ಬೇರೆಯೇ ಇದೆ.

ಬ್ಯಾಟರಿ ಹೊರಗೆ ತೆಗೆಯಲು ಬರುವಂಥದ್ದು ಇರಲಿ. ಲಿಥಿಯಂ ಸೆಲ್ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ. ಒಳಗೇ ಸೀಲ್ ಮಾಡಿದ್ದರೆ ಪೂರ್ತಿ ಟಾರ್ಚನ್ನೇ ಎಸೆಯಬೇಕು. 14500 ಸೆಲ್ ನೋಡಲು ಗಡಿಯಾರಕ್ಕೆ ಹಾಕುವ ಎಎ ಸೆಲ್ಲಿನ ಹಾಗೇ ಇರುತ್ತದೆ, ಅದೇ ದಪ್ಪ, ಅದೇ ಉದ್ದ. ಆದರೆ ಎಎ 1.5 ವೋಲ್ಟ್, ಇದು 3.7, ಪೂರ್ತಿ ಚಾರ್ಜ್ ಆದಾಗ 4.2. ಇದನ್ನು ಗಡಿಯಾರಕ್ಕೋ ಮಕ್ಕಳ ಆಟಿಕೆಗೋ ಹಾಕಿದರೆ ಅದು ಸುಟ್ಟು ಹೋಗಬಹುದು. ಮನೆಯವರಿಗೆಲ್ಲ ಹೇಳಿ, ಬೇರೆ ಡಬ್ಬಿಯಲ್ಲಿಡಿ. ಬಿಡಿ ಸೆಲ್ಲನ್ನು ಕೀ, ಚಿಲ್ಲರೆ ಇರುವ ಜೇಬಿಗೆ ಹಾಕಲೇಬೇಡಿ. ಎರಡೂ ತುದಿಗೆ ಲೋಹ ತಾಗಿದರೆ ಶಾರ್ಟ್ ಆಗಿ ಬೆಂಕಿಯೂ ಹೊತ್ತಿಕೊಳ್ಳಬಹುದು. 18650 ಎಂಬ, ಇದಕ್ಕಿಂತ ದೊಡ್ಡ ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್‌ನಲ್ಲೂ 3500ರ ಆಸುಪಾಸು ಮಾತ್ರ ಇರುತ್ತದೆ.

ಚಾರ್ಜಿಂಗ್‌ಗೆ ಯುಎಸ್‌ಬಿ-ಸಿ ಇದ್ದರೆ ಫೋನಿನ ಕೇಬಲ್ಲೇ ಸಾಕು. ಅಯಸ್ಕಾಂತದಿಂದ ಅಂಟಿಕೊಳ್ಳುವ ಕೇಬಲ್ ಚೆಂದ ಕಾಣುತ್ತದೆ, ಆದರೆ ಅದು ಕಳೆದರೆ ಟಾರ್ಚ್ ಮೂಲೆಗೆ. ಸಿ ಪೋರ್ಟ್ ಇದ್ದೂ ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗದ ಟಾರ್ಚ್‌ಗಳೂ ಉಂಟು. ಒಳಗೆ ಇರಬೇಕಾದ ಎರಡು ಪುಟ್ಟ ರೆಸಿಸ್ಟರ್ ಹಾಕಿರುವುದಿಲ್ಲ, ಅಷ್ಟೇ ಕಾರಣ. ಇಷ್ಟು ಸಣ್ಣದರಲ್ಲಿ ಉಳಿತಾಯ ಮಾಡುವುದು ನನಗೆ ಬೇಸರ ತರಿಸುತ್ತದೆ.

ಲಾಕ್ ಸೌಲಭ್ಯವನ್ನೂ ಕೇಳಿ. ಜೋರು ಟಾರ್ಚ್ ಜೇಬಿನೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಎಷ್ಟೋ ಟಾರ್ಚ್‌ಗಳಲ್ಲಿ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿದರೆ ಸಾಕು, ಹೊತ್ತುವುದಿಲ್ಲ. ಮೈ ನುಣುಪಾಗಿರುವುದು ನನಗೆ ಇಷ್ಟ. ಗೀರುಗೀರು ಇದ್ದರೆ ಹಿಡಿತ ಚೆನ್ನಾಗಿರುತ್ತದೆ ನಿಜ, ಆದರೆ ಸಂದಿನಲ್ಲಿ ಕೊಳೆ ಕೂರುತ್ತದೆ. ನಾವು ಪ್ರತಿ ರೋಗಿಯ ನಂತರ ಒರೆಸಬೇಕು. ನೀರಿಗೆ ಐಪಿಎಕ್ಸ್7 ಇದ್ದರೆ, ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆದರೆ, ದಿನದ ಬಳಕೆಗೆ ಜಾಸ್ತಿಯೇ ಆಯಿತು.

ನಿಮ್ಮಲ್ಲಿ ಒಂದು ಕೋರಿಕೆ. ಮುಂದೆ ನಿಮ್ಮ ಪತ್ರಿಕೆಯಲ್ಲಿ ಟಾರ್ಚ್ ಪರಿಚಯ ಮಾಡುವಾಗ ಡಬ್ಬಿಯ ಮೇಲಿನ ಸಂಖ್ಯೆಯನ್ನೇ ಇಳಿಸಿಕೊಳ್ಳಬೇಡಿ. ಹೊತ್ತಿಸಿ ಐದು ನಿಮಿಷದ ಮೇಲೆ ಬೆಳಕು ಎಷ್ಟು ಉಳಿದಿದೆ, ಅತಿ ಕಡಿಮೆ ಮೋಡ್ ಎಷ್ಟು ಲುಮೆನ್, ಅದಕ್ಕೆ ಎಷ್ಟು ಸಲ ಬಟನ್ ಒತ್ತಬೇಕು, ಬ್ಯಾಟರಿ ಬದಲಿಸಬಹುದಾ ಎಂದು ಬರೆಯಿರಿ. ಓದುಗರು ಅದನ್ನೇ ಕೇಳಲು ಶುರು ಮಾಡಿದರೆ ತಯಾರಕರೂ ಅದನ್ನು ಡಬ್ಬಿಯ ಮೇಲೆ ಹಾಕುತ್ತಾರೆ.

ಇಂತಿ,
ನೈಟ್ ಡ್ಯೂಟಿಯ ಒಬ್ಬ ನರ್ಸ್