ಫ್ಯೂಸ್ ಬಾಕ್ಸ್ ಬದಲಾಯಿಸುವವರ ಗಮನಕ್ಕೆ: ಇಂಗ್ಲೆಂಡಿನಲ್ಲಿ ಮನೆ ಇರುವವರಿಗೆ

ಎಲ್ಲರಿಗೂ ನಮಸ್ಕಾರ. ಹಳೇ ಮನೆ ಕೊಂಡವರು ಕೆಲವರು ಕನ್ಸ್ಯೂಮರ್ ಯುನಿಟ್, ಅಂದ್ರೆ ಫ್ಯೂಸ್ ಬಾಕ್ಸ್, ಬದಲಾಯಿಸೋ ವಿಷಯ ಕೇಳಿದ್ದೀರಿ. ಹೊಸ ಡಬ್ಬ ಕೂತು ದೀಪ ಹತ್ತಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲ್ಲ.

ಕರೆಂಟ್ ಕೊಡುವ ಮುಂಚೆಯೇ ಅರ್ತ್ ವೈರ್ ಎಲ್ಲೂ ಕಡಿದಿಲ್ಲ, ಫೇಸ್-ನ್ಯೂಟ್ರಲ್ ಅದಲುಬದಲಾಗಿಲ್ಲ ಅಂತ ಎಲೆಕ್ಟ್ರಿಷಿಯನ್ ನೋಡಬೇಕು. ಇನ್ಸುಲೇಷನ್ ಪರೀಕ್ಷೆ (ವೈರ್ ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ನೋಡೋದು) ಸಾಮಾನ್ಯವಾಗಿ 500 ವೋಲ್ಟ್ ಡಿಸಿಯಲ್ಲಿ; ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರಿಂಗ್‌ಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತೆ, ಹಾಗಾಗಿ 1ರ ಹತ್ತಿರ ಇದ್ದರೆ ಪಾಸ್ ಅಂತ ಸುಮ್ಮನಾಗಬೇಡಿ, ಕಾರಣ ಕೇಳಿ. ಈ ಪರೀಕ್ಷೆಯ ದಿನ ಟಿವಿ, ರೌಟರ್, ಮಿಕ್ಸಿ ಎಲ್ಲದರ ಪ್ಲಗ್ ಕಿತ್ತಿಡಿ. ಕರೆಂಟ್ ಬಂದ ಮೇಲೆ ಅರ್ತ್ ಲೂಪ್ ಅಳತೆ (ದೋಷ ಬಂದಾಗ ಕರೆಂಟ್ ಅರ್ತ್ ಮೂಲಕ ಹರಿಯೋ ದಾರಿಯ ರೋಧ), ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಪರೀಕ್ಷೆ. 30 ಮಿಲಿಆಂಪ್‌ನ ಸಾಮಾನ್ಯ ಆರ್‌ಸಿಡಿ 300 ಮಿಲಿಸೆಕೆಂಡ್ ಒಳಗೆ ಟ್ರಿಪ್ ಆಗಬೇಕು.

ಕಾಗದ ಎರಡು. ಒಂದು, ಅಳತೆಗಳ ಪಟ್ಟಿ ಸಮೇತ ಎಲೆಕ್ಟ್ರಿಕಲ್ ಇನ್‌ಸ್ಟಲೇಷನ್ ಸರ್ಟಿಫಿಕೇಟ್. ಸಣ್ಣಪುಟ್ಟ ಕೆಲಸಕ್ಕೆ ಕೊಡೋ ಮೈನರ್ ವರ್ಕ್ಸ್ ಸರ್ಟಿಫಿಕೇಟ್ ಕೊಟ್ಟರೆ ಒಪ್ಪಬೇಡಿ. ಎರಡನೆಯದು ಬಿಲ್ಡಿಂಗ್ ರೆಗ್ಯುಲೇಷನ್ಸ್ ಪಾರ್ಟ್ ಪಿ (ಮನೆ ವೈರಿಂಗ್ ಸುರಕ್ಷತೆಯ ಭಾಗ) ಪ್ರಕಾರ ಕೆಲಸ ಆಗಿದೆ ಅನ್ನೋ ಸರ್ಟಿಫಿಕೇಟ್. ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ, ಎಲೆಕ್ಟ್ರಿಷಿಯನ್‌ಗಳನ್ನು ನೋಂದಾಯಿಸೋ ಸಂಸ್ಥೆಯಲ್ಲಿ ನೋಂದಾಯಿಸಿದ ಎಲೆಕ್ಟ್ರಿಷಿಯನ್ ಆದರೆ ಅವರೇ ಆ ಸಂಸ್ಥೆಯ ಮೂಲಕ ಕೌನ್ಸಿಲ್‌ಗೆ ಕೆಲಸದ ಮಾಹಿತಿ ಕಳಿಸ್ತಾರೆ. ಇಲ್ಲದಿದ್ದರೆ ಕೆಲಸಕ್ಕೆ ಮೊದಲೇ ಕೌನ್ಸಿಲ್‌ಗೆ ತಿಳಿಸಿ ಶುಲ್ಕ ಕಟ್ಟೋ ತಲೆನೋವು ನಿಮ್ಮದು. ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಇವನ್ನೇ ಕೇಳೋದು.

ಖಾಲಿ ಕಾಲಂ ಇರೋ ಪಟ್ಟಿ ಕೈಗೆ ಬಂದರೆ ಪೂರ್ತಿ ಹಣ ಕೊಡಬೇಡಿ. ಸ್ಕಾಟ್ಲೆಂಡಿನವರಿಗೆ ನಿಯಮ ಬೇರೆ, ಅಲ್ಲೇ ವಿಚಾರಿಸಿ.